ದರೋಜಿಯಲ್ಲಿ ಕರಡಿ ಕಾಣುವುದು ಸಂಜೆ. ಮುಂಜಾನೆ ಎಲ್ಲಿಗೆ ಹೋಗಬೇಕು?

ದರೋಜಿ ಕರಡಿಧಾಮದೊಳಗೆ ಬಿಡುವುದೇ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. ಸಂಜೆ ಆರಕ್ಕೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಬಳ್ಳಾರಿಯಿಂದಲೋ ಕೊಪ್ಪಳದಿಂದಲೋ ಮುಂಜಾನೆಯೇ ಗಾಡಿ ಮಾಡಿಕೊಂಡು ಹೊರಟವರು ಅಲ್ಲಿಯವರೆಗೆ ಎಲ್ಲಿರಬೇಕು? ಹಂಪಿ ಪಕ್ಕದಲ್ಲೇ ಇದೆ, ಹೊಳೆಯಾಚೆ ಅಂಜನಾದ್ರಿ ಇದೆ, ಕಮಲಾಪುರದಲ್ಲಿ ಮೃಗಾಲಯ ಇದೆ, ಇತ್ತ ಸಂಡೂರಿನ ಗುಡ್ಡಗಳು, ಅತ್ತ ತುಂಗಭದ್ರಾ ಜಲಾಶಯ. ಇವುಗಳಲ್ಲಿ ಮೂರು ನಾಲ್ಕನ್ನು ಒಂದೇ ದಿನಕ್ಕೆ ತುರುಕಿದವರಿಗೆ ಕೊನೆಗೆ ತಪ್ಪಿಹೋಗುವುದು ಕರಡಿಯೇ. ನಾಲ್ಕೂವರೆಗೆ ಓಡೋಡಿ ಬಂದು ವೀಕ್ಷಣಾ ಗೋಪುರ ಹತ್ತುತ್ತಾರೆ. ಮಕ್ಕಳು ಹಸಿದು ರಚ್ಚೆ ಹಿಡಿದಿರುತ್ತಾರೆ. ಆ ಗದ್ದಲಕ್ಕೆ ಎದುರಿನ ಬಂಡೆ ಖಾಲಿಯಾಗುತ್ತದೆ.

ಹಾಗಾಗಿ ಮೊದಲ ಮಾತು: ಒಂದು ಮುಂಜಾನೆಗೆ ಒಂದೇ ಜಾಗ ಆರಿಸಿಕೊಳ್ಳಿ. ಅದು ಯಾವುದು ಎಂಬುದು ನೀವು ಎಲ್ಲಿಂದ ಬರುತ್ತೀರಿ, ಜೊತೆಗೆ ಯಾರಿದ್ದಾರೆ, ಯಾವ ತಿಂಗಳು ಎಂಬುದರ ಮೇಲೆ ನಿಲ್ಲುತ್ತದೆ.

ಕರಡಿಯ ವೇಳಾಪಟ್ಟಿ

ಬೇರೆಲ್ಲ ಲೆಕ್ಕ ಕರಡಿಯ ದಿನಚರಿಯಿಂದ ಶುರುವಾಗಬೇಕು. ಬಿಸಿಲೇರಿದಾಗ ಕರಡಿ ಬಂಡೆಗಳ ಸಂದಿಯ ಗವಿಯಲ್ಲಿ ಮಲಗಿರುತ್ತದೆ. ಬಿಸಿಲು ಇಳಿಯುತ್ತ ಬಂದಂತೆ ಹೊರಬಿದ್ದು ರಾತ್ರಿಯೆಲ್ಲ ಗೆದ್ದಲು, ಇರುವೆ, ಜೇನು, ಕಾಡುಹಣ್ಣು ಹುಡುಕುತ್ತ ತಿರುಗುತ್ತದೆ. ದರೋಜಿಯಲ್ಲಿ ಗೋಪುರದ ಎದುರಿನ ಬಂಡೆಗಳ ಮೇಲೆ ಅರಣ್ಯ ಇಲಾಖೆಯ ಸಿಬ್ಬಂದಿ ಮಧ್ಯಾಹ್ನ ಬೆಲ್ಲದ ಪಾಕ ಸವರುತ್ತಾರೆ. ಆ ವಾಸನೆಗೆ ಕರಡಿಗಳು ಗವಿಯಿಂದ ಇಳಿದು ಬರುತ್ತವೆ. ದೇಶದ ಹೆಚ್ಚಿನ ಕಾಡುಗಳಲ್ಲಿ ಕರಡಿ ಕಾಣುವುದು ಅದೃಷ್ಟದ ಮಾತಾದರೆ, ಇಲ್ಲಿ ಹಗಲು ಬೆಳಕಿನಲ್ಲೇ ಕಾಣಸಿಗಲು ಇದೇ ಕಾರಣ.

ಇಲ್ಲಿ ಜೀಪ್ ಸಫಾರಿಯ ನಿರೀಕ್ಷೆ ಬೇಡ. ಗೋಪುರದ ಮೇಲೆ ಸದ್ದಿಲ್ಲದೆ ಕುಳಿತು ಕಾಯುವುದೇ ಇಲ್ಲಿನ ನೋಟ. ಬಂಡೆ ದೂರದಲ್ಲಿದೆ, ಬರಿಗಣ್ಣಿಗೆ ಕರಡಿ ಒಂದು ಕಪ್ಪು ಚುಕ್ಕೆ. ಮೊಬೈಲಿನಲ್ಲಿ ಫೋಟೊ ಬರುವುದಿಲ್ಲ. ಮನೆಯಲ್ಲಿ ದುರ್ಬೀನು ಇಲ್ಲದಿದ್ದರೆ ಯಾರಿಂದಲಾದರೂ ಕೇಳಿ ತನ್ನಿ. 8×42 ಅಳತೆಯದು, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದು ಸಾಕು. ಕರಡಿ ಬರುವ ಮುಂಚೆ ಬಂಡೆಯ ಮೇಲೆ ನವಿಲು, ಕೌಜುಗ, ಮುಂಗುಸಿ ಬರುತ್ತವೆ. ಹಕ್ಕಿ ನೋಡುವವರಿಗೆ ಪೇಂಟೆಡ್ ಸ್ಪರ್ಫೌಲ್ ಎಂಬ ಕಾಡುಕೋಳಿ ಜಾತಿಯ ಹಕ್ಕಿ ಮತ್ತು ಹಳದಿ ಕೊರಳಿನ ಪಿಕಳಾರ ಇಲ್ಲಿ ಸಿಗುತ್ತವೆ. ಈ ಎರಡನ್ನು ಹುಡುಕಿಕೊಂಡೇ ದೂರದೂರಿನಿಂದ ಬರುವವರಿದ್ದಾರೆ.

ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯನ್ನು ನೋಡಬೇಕೆಂಬ ಆಸೆ ಇದ್ದರೆ ಚಳಿಗಾಲ ಮುಗಿಯುತ್ತಿದ್ದಂತೆ ಬನ್ನಿ. ಚಳಿಯಲ್ಲಿ ಹುಟ್ಟಿದ ಮರಿಗಳು ಎರಡು ಮೂರು ತಿಂಗಳು ಗವಿಯಲ್ಲೇ ಇದ್ದು ಆಮೇಲೆ ತಾಯಿಯ ಬೆನ್ನೇರಿ ಹೊರಬರುತ್ತವೆ. ಮಳೆಗಾಲದ ಆರಂಭದಲ್ಲಿ ಕವಳಿ, ಕಾರಿಯಂಥ ಹಣ್ಣು ಕಾಡಿನ ತುಂಬ ಇದ್ದಾಗ ಬೆಲ್ಲದ ಸೆಳೆತ ಕಡಿಮೆ. ಆಗ ಕಾಯುವ ಹೊತ್ತು ಹೆಚ್ಚಾಗಬಹುದು. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ಇದರಿಂದ ಸಿಗುವ ಗಡುವು ಒಂದೇ: ಎರಡೂವರೆಗೆ ನೀವು ಗೇಟಿನಲ್ಲಿರಬೇಕು, ಹೊಟ್ಟೆ ತುಂಬಿರಬೇಕು, ಕಾಲಲ್ಲಿ ಕಸುವು ಉಳಿದಿರಬೇಕು.

ದಾರಿಯ ಬಗ್ಗೆ ಒಂದು ಎಚ್ಚರಿಕೆ. ಫೋನಿನ ನಕ್ಷೆಯಲ್ಲಿ ಬರೀ ‘ದರೋಜಿ’ ಎಂದು ಹಾಕಿದರೆ ಅದು ದರೋಜಿ ಊರಿಗೋ ರೈಲು ನಿಲ್ದಾಣಕ್ಕೋ ಒಯ್ದು ನಿಲ್ಲಿಸುತ್ತದೆ. ಊರಿಗೆ ಅದರದೇ ಹೆಸರಿದೆ: ದೊಡ್ಡ ಕೆರೆ, ಬುರ್ರಕಥೆಯ ದರೋಜಿ ಈರಮ್ಮನವರ ಊರು. ಆದರೆ ಕರಡಿ ನೋಡುವ ಗೇಟು ಅಲ್ಲಿಲ್ಲ, ಕಮಲಾಪುರದ ಕಡೆಯಿಂದ ಬರಬೇಕು. ‘ಕರಡಿಧಾಮ’ ಎಂದು ಸೇರಿಸಿ ಹುಡುಕಿ. ಗೇಟು ದಾಟಿದ ಮೇಲೂ ಗೋಪುರದವರೆಗೆ ಕಾಡಿನ ದಾರಿ ಇದೆ, ಬಸ್ಸಿಲ್ಲ. ಸ್ವಂತ ಗಾಡಿ ಇಲ್ಲದವರು ಹೊಸಪೇಟೆ ಅಥವಾ ಕಮಲಾಪುರದಿಂದ ಆಟೊ ಮಾಡಿಕೊಳ್ಳಬೇಕು. ಕಾಯುವ ಹೊತ್ತನ್ನೂ ಸೇರಿಸಿ ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿ. ಹೋಗುವುದಕ್ಕೆ ಮಾತ್ರ ಮಾತಾಡಿದರೆ ಸಂಜೆ ಆರಕ್ಕೆ ಗೇಟಿನ ಬಳಿ ಬೇರೆ ಗಾಡಿ ಸಿಗುವುದಿಲ್ಲ.

ಆರಿಸುವ ಮುನ್ನ ನೋಡಬೇಕಾದ್ದು

ಮೊದಲು ದೂರ: ಮುಂಜಾನೆಯ ಜಾಗದಿಂದ ಗೇಟಿಗೆ ಎಷ್ಟು ಹೊತ್ತು? ಮುಕ್ಕಾಲು ತಾಸಿನೊಳಗಿದ್ದರೆ ನೆಮ್ಮದಿ, ಒಂದೂವರೆ ತಾಸು ಮೀರಿದರೆ ಕಷ್ಟ. ಎರಡನೆಯದು ಬಿಸಿಲು. ಮಾರ್ಚ್‌ನಿಂದ ಮೇ ವರೆಗೆ ಈ ಸೀಮೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಕಪ್ಪು ಬಂಡೆಯ ಮೇಲೆ ಅದು ಇನ್ನೂ ಹೆಚ್ಚು. ಹತ್ತೂವರೆಯ ಮೇಲೆ ಬಯಲಲ್ಲಿ ನಡೆಯಬೇಕಾದ ಜಾಗ ಬೇಸಿಗೆಗೆ ಆಗದು. ಮೂರನೆಯದು ನೀರು: ಜಲಾಶಯ, ಹೊಳೆ, ಹಳ್ಳ ಇವೆಲ್ಲ ಆಗಸ್ಟ್‌ನಲ್ಲಿ ಒಂದು ಥರ, ಏಪ್ರಿಲ್‌ನಲ್ಲಿ ಇನ್ನೊಂದು ಥರ. ಹೊಳೆ ತುಂಬಿದಾಗ ಕೆಲವು ದಾರಿಗಳೇ ಮುಚ್ಚುತ್ತವೆ. ನಾಲ್ಕನೆಯದು ಜೊತೆಗಿರುವವರ ಕಾಲು. ಮೊಣಕಾಲು ನೋವಿನ ಅಜ್ಜಿ ಮತ್ತು ಎತ್ತಿಕೊಳ್ಳು ಎನ್ನುವ ಮಗು ಇಬ್ಬರೂ ಇದ್ದರೆ ಅರ್ಧ ಪಟ್ಟಿ ತಾನಾಗಿ ಕಳಚಿಹೋಗುತ್ತದೆ.

ಹಣದ ವಿಷಯ ಕೊನೆಗೆ ಬರುತ್ತದೆ, ಏಕೆಂದರೆ ಟಿಕೆಟ್‌ಗಳಲ್ಲಿ ಅಂಥ ವ್ಯತ್ಯಾಸವಿಲ್ಲ. ಖರ್ಚೆಲ್ಲ ಗಾಡಿಯದು. ಬಾಡಿಗೆ ಕಾರಿಗೆ ಕಿಲೋಮೀಟರ್ ಲೆಕ್ಕ, ಆಟೊಗೆ ದಿನದ ಲೆಕ್ಕ. ದೂರದ ಸಂಡೂರಿಗಿಂತ ಹತ್ತಿರದ ಹಂಪಿ ಅಗ್ಗವಾಗುವುದು ಹೀಗೆ.

ಹಂಪಿ: ಅರ್ಧ ದಿನಕ್ಕೆ ಕಮಲಾಪುರದ ಕಡೆಯದು ಮಾತ್ರ

ಹೆಚ್ಚಿನವರು ಎಡವುವುದು ಇಲ್ಲಿ. ‘ಮುಂಜಾನೆ ಹಂಪಿ ಮುಗಿಸಿ ಮಧ್ಯಾಹ್ನ ದರೋಜಿ’ ಎಂದು ಹೇಳುವುದು ಸುಲಭ. ವಿರೂಪಾಕ್ಷನ ಗುಡಿ, ಹೇಮಕೂಟ, ವಿಠ್ಠಲ ದೇವಸ್ಥಾನ, ಕಮಲ ಮಹಲು ಎಲ್ಲ ಸೇರಿಸಿದರೆ ಇಡೀ ದಿನವೂ ಸಾಲದು. ವಿಠ್ಠಲ ದೇವಸ್ಥಾನವೊಂದೇ ಮುಂಜಾನೆಯನ್ನು ನುಂಗುತ್ತದೆ: ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು 1 ಕಿ.ಮೀ. ಬ್ಯಾಟರಿ ವಾಹನದಲ್ಲಿ ಹೋಗಬೇಕು, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಆ ಸಾಲಿನಲ್ಲೇ ಬಹಳ ಹೊತ್ತು ಹೋಗುತ್ತದೆ.

ಅರ್ಧ ದಿನ ಮಾತ್ರ ಇರುವವರು ಕರಡಿಧಾಮದ ಮಗ್ಗುಲಿಗಿರುವ ಕಮಲಾಪುರದ ಕಡೆಯ ಗುಂಪನ್ನು ಹಿಡಿಯಬೇಕು. ಬೆಳಿಗ್ಗೆ ಏಳರ ಸುಮಾರಿಗೆ ಟಿಕೆಟ್ ಇಲ್ಲದ ಬಯಲಿನ ಜಾಗಗಳಿಂದ ಶುರುಮಾಡಿ: ಮಹಾನವಮಿ ದಿಬ್ಬ, ಅದರ ಪಕ್ಕದ ಕಪ್ಪುಕಲ್ಲಿನ ಮೆಟ್ಟಿಲ ಪುಷ್ಕರಣಿ, ಕಾಲುವೆಯ ಕಲ್ಲು ದೋಣಿಗಳ ಸಾಲು, ಹಜಾರರಾಮ. ಇವಕ್ಕೆ ನೆರಳಿಲ್ಲ, ಆದ್ದರಿಂದ ತಂಪು ಹೊತ್ತನ್ನು ಇವಕ್ಕೇ ಕೊಡಬೇಕು. ಅದಾದ ಮೇಲೆ ಕಮಲ ಮಹಲು ಮತ್ತು ಆನೆಲಾಯ. ಒಳಗೆ ಹುಲ್ಲುಹಾಸು, ಮರಗಳಿವೆ. ಹನ್ನೊಂದು ಗುಮ್ಮಟದ ಕೋಣೆಗಳ ಆನೆಲಾಯದ ಒಳಗೆ ಬಿಸಿಲಲ್ಲೂ ತಂಪು. ಇಲ್ಲಿ ಕೊಳ್ಳುವ 40 ರೂಪಾಯಿಯ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಉಳಿದ ದಿನ ಹನ್ನೊಂದೂವರೆಯಿಂದ ಅಲ್ಲಿರುವುದು ಒಳ್ಳೆಯದು, ಹಂಪಿಯ ಇಡೀ ನೆಲದ ದೊಡ್ಡ ಮಾದರಿ ಅಂಗಳದಲ್ಲೇ ಇದೆ. ಒಂದು ಗಂಟೆಗೆ ಕಮಲಾಪುರದಲ್ಲಿ ಊಟ, ಎರಡೂವರೆಗೆ ಗೇಟು. ಇಲ್ಲಿಂದ ಅಲ್ಲಿಗೆ ಅರ್ಧ ತಾಸಿನ ಆಸುಪಾಸು.

ಮೊದಲ ಬಾರಿ ಬರುವವರಿಗೆ, ಒಂದೇ ದಿನವಿರುವವರಿಗೆ, ಬಸ್ಸಿನಲ್ಲಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಹೊಸಪೇಟೆಯಿಂದ ಕಮಲಾಪುರಕ್ಕೆ ಬಸ್ಸುಗಳು ಬೇಕಾದಷ್ಟು. ವಿರೂಪಾಕ್ಷನ ದರ್ಶನ ಆಗಲೇಬೇಕು ಎನ್ನುವ ಹಿರಿಯರಿದ್ದರೆ ನಸುಕಿನಲ್ಲೇ ದರ್ಶನ ಮುಗಿಸಿ, ಮಹಾನವಮಿ ದಿಬ್ಬವನ್ನೋ ಸಂಗ್ರಹಾಲಯವನ್ನೋ ಬಿಡಿ. ಎರಡನ್ನೂ ಉಳಿಸಿಕೊಳ್ಳಲು ಹೋಗಬೇಡಿ.

ಅಂಜನಾದ್ರಿ, ಆನೆಗೊಂದಿ, ಸಾಣಾಪುರ

ಗಂಗಾವತಿ, ಸಿಂಧನೂರು, ರಾಯಚೂರು ಕಡೆಯಿಂದ ಬರುವವರಿಗೆ ಇದು ದಾರಿಯಲ್ಲೇ ಸಿಗುತ್ತದೆ. ಬಳ್ಳಾರಿಯವರಿಗೆ ಸುತ್ತು.

ಅಂಜನಾದ್ರಿಗೆ 575 ಮೆಟ್ಟಿಲು. ಆರಕ್ಕೆ ಹತ್ತಲು ತೊಡಗಿದರೆ ಆರೋಗ್ಯವಾಗಿರುವವರು ಅರ್ಧ ತಾಸಿನಲ್ಲಿ ಮೇಲಿರುತ್ತಾರೆ, ಎಂಟೂವರೆಗೆ ಕೆಳಗಿಳಿದು ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನಬಹುದು. ಮೇಲಿನಿಂದ ಕಾಣುವ ಹೊಳೆ, ಭತ್ತದ ಗದ್ದೆ, ಬಂಡೆಗುಡ್ಡಗಳ ನೋಟ ಹಂಪಿಯ ಯಾವ ಗುಡ್ಡದಿಂದಲೂ ಸಿಗುವುದಿಲ್ಲ. ಒಂಬತ್ತರ ನಂತರ ಶುರುಮಾಡಿದರೆ ಮೆಟ್ಟಿಲು ಕಾದು, ಸಂಜೆ ಗೋಪುರದಲ್ಲಿ ಕೂರಲು ತಾಳ್ಮೆ ಉಳಿಯುವುದಿಲ್ಲ. ಶನಿವಾರ ಬೇಡ. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿದವರು ಮಾಲೆ ವಿಸರ್ಜನೆಗೆ ಬರುವ ದಿನಗಳಲ್ಲಂತೂ ಆ ರಸ್ತೆಗೇ ಬೇಡ. ನೋಡಲು ಬರುವವರಿಗೆ ಜಾಗವೂ ಇರುವುದಿಲ್ಲ, ವ್ರತ ಹಿಡಿದವರಿಗೆ ತೊಂದರೆಯೂ ಆಗುತ್ತದೆ. ಬಾಳೆಹಣ್ಣು, ತೆಂಗಿನಕಾಯಿ ಕೈಚೀಲದಲ್ಲಿ ಕಾಣುವಂತೆ ಹಿಡಿದರೆ ಮಂಗಗಳು ಚೀಲವನ್ನೇ ಕಸಿಯುತ್ತವೆ.

ಮೆಟ್ಟಿಲು ಆಗದವರಿಗೆ ಪಂಪಾ ಸರೋವರ ಮತ್ತು ಆನೆಗೊಂದಿ ಊರು ಸಾಕು. ಸಾಣಾಪುರದಲ್ಲಿ ಹರಿಗೋಲು ಸವಾರಿ ಚಂದ, ಆದರೆ ಜೀವರಕ್ಷಕ ಜಾಕೆಟ್ ಕೊಡದವರ ಹರಿಗೋಲು ಹತ್ತಬೇಡಿ. ಹೊಳೆಯಲ್ಲಿ ಈಜು ಯಾವ ಕಾಲಕ್ಕೂ ಬೇಡ: ಬಂಡೆಗಳ ಅಡಿಯಲ್ಲಿ ಸೆಳವು ಮೇಲಿನಿಂದ ಕಾಣುವುದಿಲ್ಲ, ಮೊಸಳೆಗಳೂ ಇವೆ. ಜಲಾಶಯದ ಕೆಳಗಿನಿಂದ ಕಂಪ್ಲಿಯವರೆಗಿನ ಹೊಳೆಯ ಹರವು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನಸುಕಿನಲ್ಲಿ ದಡದ ಬಂಡೆಯ ಮೇಲೆ ಗದ್ದಲ ಮಾಡದೆ ಕುಳಿತವರಿಗೆ ಅವು ಕಾಣಸಿಗಬಹುದು. ಕಾಡುಪ್ರಾಣಿಗಾಗಿಯೇ ಬಂದವರಿಗೆ ಇದು ಗುಡಿ ಗೋಪುರಗಳಿಗಿಂತ ಒಳ್ಳೆಯ ಮುಂಜಾನೆ.

ಹೊಳೆ ದಾಟುವುದು ಕಡೇಬಾಗಿಲು–ಬುಕ್ಕಸಾಗರ ಸೇತುವೆಯಿಂದ. ಅಲ್ಲಿಂದ ಕಮಲಾಪುರ, ಕರಡಿಧಾಮ ಹತ್ತಿರ. ಕಂಪ್ಲಿ ಸೇತುವೆಯ ದಾರಿ ನಂಬಿಕೊಂಡವರು ಮಳೆಗಾಲದಲ್ಲಿ ಹೊರಡುವ ಮುನ್ನ ವಿಚಾರಿಸಿ: ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಆ ಸೇತುವೆ ಮುಳುಗುತ್ತದೆ. ಅಂಥ ದಿನಗಳಲ್ಲಿ ಆನೆಗೊಂದಿ ಬಳಿ ಹೊಳೆಯ ನಡುವಿನ ನವವೃಂದಾವನ ನಡುಗಡ್ಡೆಗೂ ದೋಣಿ ಇರುವುದಿಲ್ಲ.

ಕಮಲಾಪುರದ ಮೃಗಾಲಯ

ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಈ ಉದ್ಯಾನ ಬಿಳಿಕಲ್ಲು ಕಾಡಿನಲ್ಲಿದೆ. ಬಳ್ಳಾರಿಯ ಹಳೆಯ ಕಿರು ಮೃಗಾಲಯದ ಪ್ರಾಣಿಗಳನ್ನು ತಂದದ್ದೂ ಇಲ್ಲಿಗೇ. ಬಸ್ಸಿನಲ್ಲಿ ಕುಳಿತು ಹುಲಿ, ಸಿಂಹ, ಜಿಂಕೆ ನೋಡುವ ಸಫಾರಿ ಇದೆ. ಮಂಗಳವಾರ ರಜೆ.

ಮೂರರಿಂದ ಎಂಟು ವರ್ಷದ ಮಕ್ಕಳಿದ್ದರೆ ಇದನ್ನೇ ಆರಿಸಿ. ಕಾರಣ ಸರಳ: ಸಂಜೆ ಕರಡಿ ಬಂದರೂ ದೂರದಲ್ಲಿರುತ್ತದೆ, ಮಗುವಿಗೆ ಅದು ಸಾಲದು. ಮುಂಜಾನೆ ಹುಲಿಯನ್ನು ಹತ್ತಿರದಿಂದ ಕಂಡ ಮಗು ಸಂಜೆ ಗೋಪುರದಲ್ಲಿ ಸ್ವಲ್ಪ ಸುಮ್ಮನಿರುತ್ತದೆ. ತೆರೆಯುತ್ತಿದ್ದಂತೆ ಹೋಗಿ, ಬಿಸಿಲೇರಿದ ಮೇಲೆ ಪ್ರಾಣಿಗಳೂ ನೆರಳು ಹುಡುಕಿ ಮಲಗುತ್ತವೆ. ದೊಡ್ಡವರಷ್ಟೇ ಬಂದಿದ್ದರೆ ಇದನ್ನು ಬಿಡಬಹುದು. ಬಂಡೀಪುರ, ನಾಗರಹೊಳೆ ನೋಡಿದವರಿಗೆ ಬೇಲಿಯೊಳಗಿನ ಸಫಾರಿ ರುಚಿಸುವುದಿಲ್ಲ.

ಸಂಡೂರು

ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಸಂಡೂರಿನ ಗುಡ್ಡಗಳು ಬಳ್ಳಾರಿ ಸೀಮೆಯವೇ ಎಂದು ನಂಬಲಾಗದಷ್ಟು ಹಸಿರು. ಮೋಡ ಗುಡ್ಡದ ನೆತ್ತಿಗೆ ತಾಗಿಕೊಂಡಿರುತ್ತದೆ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಪಕ್ಕದ ಕುಮಾರಸ್ವಾಮಿ ದೇವಸ್ಥಾನ, ನಾರಿಹಳ್ಳ ಜಲಾಶಯ, ಗುಡ್ಡ ಸೀಳಿದಂಥ ಭೀಮಗಂಡಿ, ಇವಿಷ್ಟಕ್ಕೆ ನಾಲ್ಕೈದು ತಾಸು ಬೇಕು. ಊರಿನಲ್ಲಿ ಲಂಬಾಣಿ ಕಸೂತಿಯ ಕೇಂದ್ರವಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಕೊಳ್ಳುವವರು ಮಾಡುವವರಿಂದಲೇ ಕೊಳ್ಳಬಹುದು.

ತೊಂದರೆ ರಸ್ತೆಯದು. ಅದಿರು ಲಾರಿಗಳ ಸಾಲಿಗೆ ಸಿಕ್ಕಿಕೊಂಡರೆ ನಕ್ಷೆ ತೋರಿಸುವ ಹೊತ್ತಿಗೆ ತಲುಪುವುದಿಲ್ಲ, ಗಾಡಿಯ ಮೇಲೆಲ್ಲ ಕೆಂಪು ದೂಳು. ಇಲ್ಲಿಂದ ಕರಡಿಧಾಮದ ಗೇಟಿಗೆ ತಾಸಿಗೂ ಹೆಚ್ಚು ಇಟ್ಟುಕೊಳ್ಳಿ, ಹನ್ನೆರಡೂವರೆಗೆ ಸಂಡೂರು ಬಿಡಿ. ಇದರಿಂದಾಗಿ ಸಂಡೂರು ಮತ್ತು ಕರಡಿ ಒಂದೇ ದಿನಕ್ಕೆ ಹೊಂದುವುದು ಬಳ್ಳಾರಿ ಅಥವಾ ತೋರಣಗಲ್ಲಿನಿಂದ ಬೇಗ ಹೊರಡುವವರಿಗೆ, ಅದೂ ಕಾರಿದ್ದವರಿಗೆ. ರಾಯಚೂರು, ಕೊಪ್ಪಳದವರಿಗೆ ಬೇಡ. ಇನ್ನು ಮಾರ್ಚ್ ನಂತರ ಯಾರಿಗೂ ಬೇಡ: ಗುಡ್ಡ ಒಣಗಿರುತ್ತದೆ, ಲಾರಿ ಮಾತ್ರ ಅಷ್ಟೇ ಇರುತ್ತದೆ.

ಜಲಾಶಯ, ಹಿರೇಬೆಣಕಲ್ಲು, ಅಂಕಸಮುದ್ರ

ತುಂಗಭದ್ರಾ ಜಲಾಶಯವನ್ನು ಮುಂಜಾನೆಗೆ ಆರಿಸಬೇಡಿ. ಅಲ್ಲಿನ ಉದ್ಯಾನ, ಕಾರಂಜಿ, ದೀಪ ಎಲ್ಲ ಸಂಜೆಯವು. ಆರಕ್ಕೆ ಕರಡಿಧಾಮ ಬಿಟ್ಟು ಹೊಸಪೇಟೆ ಮೇಲೆ ಹಾದು ಊರಿಗೆ ಮರಳುವ ಕೊಪ್ಪಳದವರು ದಾರಿಯಲ್ಲಿ ಇಳಿದು ನೋಡಬಹುದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗೇಟು ತೆರೆದಿದ್ದರೆ ಲೆಕ್ಕವೇ ಬೇರೆ. 33 ಗೇಟುಗಳ ಈ ಅಣೆಕಟ್ಟಿನಿಂದ ನೀರು ಧುಮುಕುವುದನ್ನು ಹಗಲಿನಲ್ಲೇ ನೋಡಬೇಕು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಾಲ್ಕೂ ಕಡೆಯ ರೈತರು ಉಸಿರು ಬಿಗಿಹಿಡಿದು ಕಾದಿದ್ದರು, ಆ ನೀರಿನ ಬೆಲೆ ಈ ಜಿಲ್ಲೆಗಳವರಿಗೆ ಹೇಳಿಕೊಡಬೇಕಿಲ್ಲ.

ಹಿರೇಬೆಣಕಲ್ಲು ನಡೆಯಬಲ್ಲವರಿಗೆ. ಗಂಗಾವತಿ–ಕೊಪ್ಪಳ ರಸ್ತೆಯ ಈ ಊರಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಜನರ ಬಾಯಲ್ಲಿ ಅದು ಮೋರ್ಯರ ಗುಡ್ಡ. ಬಂಡೆಯ ನೆತ್ತಿಯಲ್ಲಿ ದೊಡ್ಡದೊಂದು ನಗಾರಿ ಕಲ್ಲು, ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳು. ಹತ್ತಲು ತಾಸಿಗೂ ಹೆಚ್ಚು, ದಾರಿಯಲ್ಲಿ ನೀರಿಲ್ಲ, ಅಂಗಡಿಯಿಲ್ಲ. ತಲೆಗೆ ಎರಡು ಲೀಟರ್ ನೀರು, ಬುತ್ತಿ, ದಾರಿ ಬಲ್ಲ ಊರಿನವರೊಬ್ಬರು ಬೇಕೇಬೇಕು. ಬಂಡೆಯ ಮೇಲೆ ಕಾಲುದಾರಿ ಅಳಿಸಿಹೋಗುತ್ತದೆ. ನವೆಂಬರ್‌ನಿಂದ ಫೆಬ್ರುವರಿ, ನಸುಕಿನ ಆರಂಭ, ಹತ್ತೂವರೆಗೆ ಕೆಳಗೆ. ಹೀಗಾದರೆ ಮಾತ್ರ ಸಂಜೆಯ ಕರಡಿಗೆ ತಲುಪಬಹುದು. ಕಲ್ಲುಗಳ ಮೇಲೆ ಹೆಸರು ಕೆತ್ತುವವರು ದಯವಿಟ್ಟು ಹೋಗಬೇಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನವರ ಸಮಾಧಿಗಳವು.

ಅಂಕಸಮುದ್ರ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೆರೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಬಣ್ಣದ ಕೊಕ್ಕರೆಗಳು ನೀರೊಳಗಿನ ಜಾಲಿ ಮರಗಳ ತುಂಬ. ಹಕ್ಕಿ ಹುಚ್ಚಿದ್ದವರಿಗೆ ಅಂಕಸಮುದ್ರದ ಮುಂಜಾನೆ, ದರೋಜಿಯ ಸಂಜೆ ಬಹಳ ಒಳ್ಳೆಯ ದಿನ. ಉಳಿದವರಿಗೆ ದೂರವಾಯಿತು ಅನ್ನಿಸುತ್ತದೆ.

ನೀವು ಯಾವ ಊರಿನವರು?

ಬಳ್ಳಾರಿಯಿಂದ ಬರುವವರಿಗೆ ಬೇಸಿಗೆಯಲ್ಲಿ ಮೃಗಾಲಯ ಅಥವಾ ಸಂಗ್ರಹಾಲಯ, ಚಳಿಗಾಲದಲ್ಲಿ ಕಮಲಾಪುರದ ಕಡೆಯ ಹಂಪಿ, ಮಳೆಗಾಲದಲ್ಲಿ ಸಂಡೂರು. ಕೊಪ್ಪಳ, ಗಂಗಾವತಿಯವರು ಹಂಪಿಯನ್ನು ಹೇಗೂ ನೋಡಿರುತ್ತೀರಿ. ಹಿರೇಬೆಣಕಲ್ಲು ಅಥವಾ ಆನೆಗೊಂದಿಯ ಹೊಳೆದಡ ಹಿಡಿಯಿರಿ. ರಾಯಚೂರಿನಿಂದ ಗಂಗಾವತಿಗೇ ಮೂರು ತಾಸಿನ ಹತ್ತಿರದ ದಾರಿ. ಒಂದೇ ದಿನದಲ್ಲಿ ಹೋಗಿಬರುವ ಹಟ ಬೇಡ, ರಾತ್ರಿ ಹೆದ್ದಾರಿಯಲ್ಲಿ ಭತ್ತದ ಟ್ರ್ಯಾಕ್ಟರುಗಳ ನಡುವೆ ನಿದ್ದೆಗಣ್ಣಿನ ಡ್ರೈವಿಂಗ್ ಅಪಾಯ. ಗಂಗಾವತಿ ಅಥವಾ ಹೊಸಪೇಟೆಯ ಲಾಡ್ಜಿನಲ್ಲಿ ಒಂದು ರಾತ್ರಿ ತಂಗಿದರೆ ಮೊದಲ ದಿನ ಸಂಜೆ ಕರಡಿ, ಮರುದಿನ ನಸುಕಿನಲ್ಲಿ ಅಂಜನಾದ್ರಿ, ಹಾಗೇ ಊರ ದಾರಿ. ಕೈ ಸ್ವಲ್ಪ ಸಡಿಲವಿದ್ದವರಿಗೆ ಕಮಲಾಪುರದ ಬಳಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ ಸಂಸ್ಥೆಯ ತಂಗುದಾಣವಿದೆ. ಅಲ್ಲಿ ಉಳಿದವರನ್ನು ಸಂಜೆ ಕರಡಿ ನೋಡಲು ಅವರೇ ಕರೆದೊಯ್ಯುತ್ತಾರೆ, ಗಾಡಿಯ ಚಿಂತೆ ತಪ್ಪುತ್ತದೆ.

ಗೇಟಿನಲ್ಲಿ ಚಿಲ್ಲರೆ ಹಣ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಊಟ, ಚಹಾ ಏನೂ ಸಿಗುವುದಿಲ್ಲ. ನೀರು, ಮಕ್ಕಳಿಗೆ ಸದ್ದು ಮಾಡದ ತಿಂಡಿ ಜೊತೆಗಿರಲಿ. ಕುರುಕುರು ಎನ್ನುವ ಚಿಪ್ಸ್ ಪೊಟ್ಟಣ ಬೇಡ. ಬಿಳಿ, ಕೆಂಪು ಅಂಗಿಗಿಂತ ಮಣ್ಣು ಬಣ್ಣದ ಅಂಗಿ ಒಳ್ಳೆಯದು. ಮೊಬೈಲ್ ಸದ್ದು ಗೇಟಿನಲ್ಲೇ ಆರಿಸಿ. ಮೂರಕ್ಕೆ ಏನೂ ಕಾಣಲಿಲ್ಲ, ನಾಲ್ಕಕ್ಕೂ ಕಾಣಲಿಲ್ಲ ಎಂದು ಎದ್ದು ಬರಬೇಡಿ. ಬಿಸಿಲು ಇಳಿದ ಮೇಲೆ, ಐದರಿಂದ ಐದೂಮುಕ್ಕಾಲರ ನಡುವೆ, ಹೆಚ್ಚು ಕರಡಿಗಳು ಬಂಡೆಗೆ ಬರುತ್ತವೆ.